ಪ್ರಾಗ್‌ಗೆ ಹೋಗೋದಾ, ವಿಯೆನ್ನಾಗಾ?

ಕೈಯಲ್ಲಿ ಎರಡೇ ದಿನ ಇದ್ದರೆ ಪ್ರಾಗ್‌ಗೆ ಹೋಗಿ. ಮುಖ್ಯವಾದದ್ದೆಲ್ಲ ನಡೆದೇ ನೋಡಬಹುದು. ಹಳೇ ಪೇಟೆಯಲ್ಲಿ 1410ರ ಖಗೋಳ ಗಡಿಯಾರವಿದೆ. ಗಂಟೆ ಆಗುತ್ತಿದ್ದಂತೆ ಅಸ್ಥಿಪಂಜರದ ಗೊಂಬೆ ಹಗ್ಗ ಎಳೆದು ಗಂಟೆ ಬಾರಿಸುತ್ತದೆ. ಮೇಲಿನ ಕಿಟಕಿಗಳಲ್ಲಿ ಯೇಸುವಿನ ಶಿಷ್ಯರು ಒಬ್ಬೊಬ್ಬರಾಗಿ ಇಣುಕಿ ಹೋಗುತ್ತಾರೆ. ಒಂದು ನಿಮಿಷದೊಳಗೆ ಮುಗಿದೇ ಹೋಗುತ್ತದೆ. ಇಷ್ಟಕ್ಕೇ ಅಷ್ಟೊಂದು ಜನಾನಾ ಅನ್ನಿಸುತ್ತೆ, ಆದರೂ ನಿಂತು ನೋಡಿ. 1357ರಲ್ಲಿ ಕಟ್ಟಲು ಶುರುಮಾಡಿದ ಚಾರ್ಲ್ಸ್ ಸೇತುವೆಗೆ ಮಾತ್ರ ಬೆಳಗ್ಗೆ ಆರಕ್ಕೇ ಹೋಗಬೇಕು, ಆಮೇಲೆ ಜಾತ್ರೆ.

ಆದರೆ ಕಲ್ಲುಹಾಸಿನ ಬೀದಿ, ಕೋಟೆಗೆ ಏರುದಾರಿ. ಮಂಡಿನೋವಿನ ಅಮ್ಮ ಜೊತೆಗಿದ್ದರೆ ವಿಯೆನ್ನಾನೇ ವಾಸಿ. ಅಲ್ಲಿನ ಬೀದಿಗಳು ಅಗಲ, ಬಹುಪಾಲು ಸಮತಟ್ಟು. 1,441 ಕೋಣೆಗಳ ಶೋನ್‌ಬ್ರುನ್ ಅರಮನೆಯ ಹತ್ತಿರಕ್ಕೇ ಮೆಟ್ರೊ ಹೋಗುತ್ತದೆ. ಅಷ್ಟೂ ಕೋಣೆ ತೋರಿಸಲ್ಲ ಬಿಡಿ, ಸುಸ್ತಾಗುವಷ್ಟು ಮಾತ್ರ. ಹಳೇ ಕೆಫೆಗಳಲ್ಲಿ ಪುಟ್ಟ ತಟ್ಟೆಯಲ್ಲಿ ಕಾಫಿ, ಪಕ್ಕದಲ್ಲಿ ಒಂದು ಲೋಟ ನೀರು. ಒಂದೇ ಕಾಫಿಗೆ ಎಷ್ಟು ಹೊತ್ತು ಕೂತರೂ ಎಬ್ಬಿಸುವುದಿಲ್ಲ.

ಖರ್ಚು ವಿಯೆನ್ನಾದಲ್ಲೇ ಜಾಸ್ತಿ. ಅಲ್ಲಿ ಯೂರೋ, ಪ್ರಾಗ್‌ನಲ್ಲಿ ಕೊರುನಾ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಎರಡಕ್ಕೂ ನಡೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ರೈಲಿನಲ್ಲಿ ಸುಮಾರು ನಾಲ್ಕೇ ಗಂಟೆ. ಐದು ದಿನ ಇದ್ದರೆ ಸುಮ್ನೆ ಎರಡೂ ನೋಡಿಬನ್ನಿ.