ಗಾಜು ಹಳೆಯದೇ, ಅಡಿಯಲ್ಲಿದ್ದ ಹೆಸರು ಮಾತ್ರ ಹೊಸದು: ಹಳೇ ವೈನ್ ಗ್ಲಾಸ್ ಕೊಳ್ಳುವವರು ಓದಿಕೊಳ್ಳಿ

ಪಾದದ ಅಡಿಯಲ್ಲಿ 'ಮೋಜರ್' (ಬೊಹೀಮಿಯಾದ, ಅಂದರೆ ಈಗಿನ ಚೆಕ್ ಗಣರಾಜ್ಯದ, ಹೆಸರಾಂತ ಗಾಜಿನ ಕಂಪನಿ) ಎಂದು ಬರೆದಿದೆ ಎಂಬ ಒಂದೇ ಕಾರಣಕ್ಕೆ ಹಳೆಯ ವೈನ್ ಗ್ಲಾಸಿಗೆ ದುಡ್ಡು ಸುರಿಯಬೇಡಿ. ಜರ್ಮನಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದು ಆನ್‌ಲೈನ್ ಹರಾಜಿನಲ್ಲಿ ಹೀಗೆ ಕೈ ಸುಟ್ಟುಕೊಂಡಿದೆ. ಆರು ಗ್ಲಾಸುಗಳ ಸೆಟ್ಟು. ಹಸಿರು ಬಟ್ಟಲು, ಬಣ್ಣವಿಲ್ಲದ ಉದ್ದ ಕಾಲು, ಬಟ್ಟಲಿನ ಸುತ್ತ ಎನಾಮೆಲ್‌ನಲ್ಲಿ (ಗಾಜಿನ ಮೇಲೆ ಸುಟ್ಟು ಕೂರಿಸುವ ಬಣ್ಣದಲ್ಲಿ) ಬಿಡಿಸಿದ ಓಕ್ ಎಲೆಗಳು, ಬಾಯಂಚಿಗೆ ಬಂಗಾರದ ಗೆರೆ, ಪಾದದಡಿ ಆಸಿಡ್‌ನಲ್ಲಿ ಒತ್ತಿದ ಸಹಿ. ಹರಾಜಿನ ಶೀರ್ಷಿಕೆ 'ಮೋಜರ್, ಸುಮಾರು 1890' ಎನ್ನುತ್ತಿತ್ತು. ಆಮೇಲೆ ಬಂದ ರಸೀದಿಯಲ್ಲಿ ಇದ್ದದ್ದು 'ಮೋಜರ್ ಶೈಲಿ'. ಹಣ ವಾಪಸ್ ಕೇಳಿದಾಗ ಮಾರಿದವರು ಆ 'ಶೈಲಿ'ಯನ್ನೇ ಮುಂದೆ ಮಾಡಿದರು.

ಗ್ಲಾಸುಗಳನ್ನು ಪರೀಕ್ಷೆಗೆ ಇಟ್ಟಾಗ ಕಂಡದ್ದನ್ನು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ಇವು ನಿನ್ನೆ ಮೊನ್ನೆ ಮಾಡಿದ ನಕಲಿ ಗಾಜಲ್ಲ. ಹೆಚ್ಚಿನವು ನಿಜಕ್ಕೂ ನೂರು ವರ್ಷ ದಾಟಿದ, ಕೈಯಲ್ಲಿ ಊದಿ ಮಾಡಿದ ಗ್ಲಾಸುಗಳು. ಹೆಸರಿಲ್ಲದ ಹಳೆಯ ಗಾಜನ್ನು ಅಗ್ಗಕ್ಕೆ ಕೊಂಡು ದೊಡ್ಡ ಹೆಸರು ಹಚ್ಚಿ ಮಾರುವುದು ಈ ವ್ಯಾಪಾರದಲ್ಲಿ ಅತಿ ಸುಲಭದ ವಂಚನೆ. ಪಾದ ಸವೆದಿದೆ, ಬಂಗಾರ ಮಾಸಿದೆ, ಎನಾಮೆಲ್ ಕೈಯಲ್ಲಿ ಬಿಡಿಸಿದ್ದೇ ಎಂದು ಕೊಳ್ಳುವವರು ಪರೀಕ್ಷೆ ಮಾಡುತ್ತಾರೆ, ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಅವೆಲ್ಲ ವಯಸ್ಸಿನ ಪರೀಕ್ಷೆಗಳು. ಅವುಗಳಿಂದ ಯಾರು ಮಾಡಿದರು ಎಂಬುದು ತಿಳಿಯುವುದಿಲ್ಲ.

ಮೊದಲು ಸಹಿಯನ್ನೇ ನೋಡೋಣ. ಗಾಜಿನ ಮೇಲೆ ಮಬ್ಬು ಅಕ್ಷರ ಮೂಡಿಸುವ ಆಸಿಡ್ ಕ್ರೀಮು ಕರಕುಶಲ ಸಾಮಗ್ರಿ ಅಂಗಡಿಯಲ್ಲಿ ಸಿಗುತ್ತದೆ. ಒಂದು ಅಚ್ಚು ಮತ್ತು ಕೆಲವು ನಿಮಿಷ ಇದ್ದರೆ ಕೆಲಸ ಮುಗಿಯಿತು. ಆದ್ದರಿಂದ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಚಿಕ್ಕ ಭೂತಗನ್ನಡಿ) ಇಟ್ಟುಕೊಂಡು, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು, ಅಕ್ಷರ ಮತ್ತು ಬಳಕೆಯಿಂದ ಬಿದ್ದ ಗೀರು ಒಂದನ್ನೊಂದು ದಾಟುವ ಜಾಗ ಹುಡುಕಬೇಕು. ಸಹಿ ಹಳೆಯದಾದರೆ ಗೀರು ಅಕ್ಷರದ ಮೇಲೆ ಹಾಯ್ದಿರುತ್ತದೆ, ಮಬ್ಬು ಪದರವನ್ನು ಕತ್ತರಿಸಿಕೊಂಡು ಹೋಗಿರುತ್ತದೆ. ಸಹಿ ಆಮೇಲೆ ಬಂದದ್ದಾದರೆ ಆಸಿಡ್ ಗೀರಿನೊಳಗೂ ಇಳಿದಿರುತ್ತದೆ. ಅಕ್ಷರ ದಾಟುವಷ್ಟು ಉದ್ದಕ್ಕೆ ಗೀರಿನ ತಳವೂ ಬೆಳ್ಳಗೆ ಮಬ್ಬಾಗಿ, ಅಕ್ಷರದ ಆಚೆ ಮತ್ತೆ ಹೊಳೆಯುತ್ತದೆ.

ಇಲ್ಲೊಂದು ತೊಡಕಿದೆ. ವೈನ್ ಗ್ಲಾಸಿನ ಪಾದ ಸಾಮಾನ್ಯವಾಗಿ ನಡುವೆ ತುಸು ಮೇಲೆದ್ದಿರುತ್ತದೆ, ಮೇಜಿಗೆ ತಾಗುವುದು ಅಂಚಿನ ಬಳೆಯಷ್ಟೇ. ನಡುವಿನಲ್ಲಿ ಒತ್ತಿದ ಸಹಿಗೆ ಗೀರು ಬೀಳುವುದೇ ಅಪರೂಪ, ಹಾಗಾಗಿ ಅಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ಈ ಸೆಟ್ಟಿನಲ್ಲಿ ಎರಡು ಗ್ಲಾಸುಗಳ ಅಚ್ಚು ಅಂಚಿನ ಕಡೆ ಸರಿದಿತ್ತು. ಕೊನೆಯ ಅಕ್ಷರ ಸವೆತದ ಬಳೆಯೊಳಗೆ ಬಂದಿತ್ತು, ಅಲ್ಲಿನ ಪ್ರತಿ ಗೀರಿನ ತಳವೂ ಬೆಳ್ಳಗಿತ್ತು. ಇನ್ನುಳಿದ ನಾಲ್ಕನ್ನು ಮಾತ್ರ ನೋಡಿದ್ದರೆ ಏನೂ ಸಿಗುತ್ತಿರಲಿಲ್ಲ. ಸೆಟ್ ಕೊಳ್ಳುವಾಗ ಒಂದೆರಡನ್ನು ನೋಡಿ ಸಾಕೆನ್ನಬೇಡಿ, ಎಲ್ಲದರ ಪಾದದ ಫೋಟೋ ತರಿಸಿಕೊಳ್ಳಿ.

ಎರಡನೆಯದು, ಸೆಟ್ಟು ಸೆಟ್ಟೇ ಆಗಿರಲಿಲ್ಲ. ಕತ್ತಲೆ ಕೋಣೆಯಲ್ಲಿ 365 ನ್ಯಾನೊಮೀಟರ್ ಯುವಿ ಟಾರ್ಚ್ ಬಿಟ್ಟಾಗ ನಾಲ್ಕು ಬಟ್ಟಲುಗಳು ಕಣ್ಣು ಕುಕ್ಕುವ ಹಸಿರಿಗೆ ಬೆಳಗಿದವು, ಎರಡು ಕಪ್ಪಗೆ ಉಳಿದವು. ಬೆಳಗಿದ್ದು ಯುರೇನಿಯಂ ಸೇರಿಸಿದ ಗಾಜು. ಬೆಳಗದ್ದು ಬೇರೆ ಯಾವುದೋ ಲೋಹದಿಂದ ಹಸಿರು ಬಂದ ಗಾಜು, ಅಂದರೆ ಬೇರೆ ಕುಲುಮೆಯ ಅಥವಾ ಬೇರೆ ಕಾಲದ ಮಾಲು. ಹಗಲಿನಲ್ಲಿ ಅಕ್ಕಪಕ್ಕ ಇಟ್ಟರೂ ವ್ಯತ್ಯಾಸ ಗೊತ್ತಾಗುವಂತಿರಲಿಲ್ಲ. ಅಗ್ಗದ ನೇರಳೆ ಟಾರ್ಚುಗಳು ಹೆಚ್ಚಾಗಿ 395 ನ್ಯಾನೊಮೀಟರಿನವು. ಯುರೇನಿಯಂ ಅದರಲ್ಲೂ ಬೆಳಗುತ್ತದೆ, ಆದರೆ ಟಾರ್ಚಿನ ನೇರಳೆ ಬೆಳಕೇ ಗಾಜಿನ ಮೇಲೆ ಹರಡಿ ಸೂಕ್ಷ್ಮ ವ್ಯತ್ಯಾಸ ಮುಚ್ಚಿಹೋಗುತ್ತದೆ. ಇನ್ನೊಂದು ಮಾತು: ಬಣ್ಣ ಕಳೆಯಲು ಮ್ಯಾಂಗನೀಸ್ ಹಾಕಿದ ಗಾಜು 365ರಲ್ಲಿ ಮಂದವಾಗಿ ಹಸಿರಾಗುತ್ತದೆ. ಅದನ್ನೂ ಯುರೇನಿಯಂ ಎಂದು ಮಾರುವವರಿದ್ದಾರೆ. ಇನ್ನು ಯುರೇನಿಯಂ ಇದ್ದ ಮಾತ್ರಕ್ಕೆ ಮೋಜರ್ ಎಂದೇನಿಲ್ಲ. ಬೊಹೀಮಿಯಾದಲ್ಲಿ ಯೋಸೆಫ್ ರೀಡೆಲ್ 1830ರ ದಶಕದಲ್ಲೇ ಅದನ್ನು ಬಳಸುತ್ತಿದ್ದ, ಆಮೇಲೆ ಇಂಗ್ಲೆಂಡು ಅಮೆರಿಕಗಳಲ್ಲೂ ಮಾಡಿದರು, ಈಗಲೂ ಮಾಡುತ್ತಾರೆ.

ಬೆಳಗದ ಆ ಎರಡರ ಬಾಯಂಚಿನಲ್ಲಿ ಇನ್ನೊಂದು ಕೈಚಳಕವಿತ್ತು. ಚಕ್ಕೆ ಎದ್ದ ಅಂಚನ್ನು ಉಜ್ಜಿ ಇಳಿಸಿದ್ದರು. ಎತ್ತರ 3 ಮಿಲಿಮೀಟರ್ ಕಡಿಮೆ, ಆದರೆ ಎತ್ತರವೊಂದೇ ಸಾಕ್ಷಿಯಾಗದು. ಕೈಯಲ್ಲಿ ಊದಿದ ಗ್ಲಾಸುಗಳಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಅಂಚು ಚಪ್ಪಟೆಯಾಗಿದೆ ಎಂಬುದೂ ಸಾಲದು, ಬೊಹೀಮಿಯಾದಲ್ಲಿ ಬಾಯಿಯನ್ನು ಕತ್ತರಿಸಿ ಉಜ್ಜಿ ನಯ ಮಾಡುವ ಪದ್ಧತಿ ಮೊದಲಿನಿಂದಲೂ ಇತ್ತು. ಅಳೆಯಬೇಕಾದ್ದು ಎಲೆಯ ತುದಿಯಿಂದ ಬಾಯಂಚಿಗೆ ಇರುವ ಅಂತರವನ್ನು. ಆರರಲ್ಲೂ ಒಂದೇ ಸಮ ಇರಬೇಕಾದದ್ದು ಆ ಎರಡರಲ್ಲಿ ಕುಗ್ಗಿತ್ತು. ಬಟ್ಟಲು ಮೇಲಕ್ಕೆ ಹೋಗುತ್ತ ಒಳಕ್ಕೆ ಬಾಗಿರುವುದರಿಂದ, ಅಂಚು ಇಳಿಸಿದಷ್ಟೂ ಬಾಯಿ ಅಗಲವಾಗುತ್ತದೆ. ಅದೂ ಕ್ಯಾಲಿಪರ್‌ನಲ್ಲಿ ಸಿಕ್ಕಿತು. ಉಜ್ಜಿದಾಗ ಹೋದ ಬಂಗಾರದ ಗೆರೆಯ ಜಾಗಕ್ಕೆ ಬಣ್ಣ ಬಳಿದಿದ್ದರು, ಹತ್ತಿಯ ಕಡ್ಡಿಯಲ್ಲಿ ಒಂದು ತೊಟ್ಟು ಅಸಿಟೋನ್ ಅದ್ದಿ ಮುಟ್ಟಿಸಿದರೆ ಹಳದಿ ಹತ್ತಿಕೊಂಡು ಬಂತು. ಸುಟ್ಟು ಕೂರಿಸಿದ ಬಂಗಾರ ಹೀಗೆ ಬರುವುದಿಲ್ಲ. ಈ ಪ್ರಯೋಗ ನಿಮ್ಮದೇ ಗ್ಲಾಸಿನ ಮೇಲೆ, ಕಣ್ಣಿಗೆ ಬೀಳದ ಸಾಸಿವೆಯಷ್ಟು ಜಾಗದಲ್ಲಿ ಮಾತ್ರ. ಸುಡದೆ ಹಚ್ಚಿದ ಬಂಗಾರ ಇನ್ನೂ ಹಳೆಯ ಗ್ಲಾಸುಗಳಲ್ಲಿ ನಿಜವಾಗಿಯೂ ಇರುತ್ತದೆ, ಅಂಥದ್ದನ್ನು ಒರೆಸಿ ಹಾಳುಮಾಡಿಕೊಳ್ಳಬೇಡಿ.

ಮೂರನೆಯದು ವಿವರಣೆಯಲ್ಲೇ ಇದ್ದ ಎಡವಟ್ಟು. 'ಮೋಜರ್ ಸೀಸದ ಕ್ರಿಸ್ಟಲ್' ಎಂದು ಬರೆದಿದ್ದರು. ಮೋಜರ್ ಹೆಸರಾಗಿರುವುದೇ ಸೀಸವಿಲ್ಲದ ಗಾಜಿಗೆ. ಸೀಸ ಇದೆಯೋ ಇಲ್ಲವೋ ಎಂದು ಅಡುಗೆಮನೆಯ ತಕ್ಕಡಿಯಲ್ಲೇ ನೋಡಬಹುದು. ಮೊದಲು ಗ್ಲಾಸನ್ನು ಒಣಗಿದ್ದಾಗ ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ಗ್ಲಾಸನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ, ಬಟ್ಟಲಿನೊಳಗೆ ಗಾಳಿಗುಳ್ಳೆ ಉಳಿಯದಂತೆ ಹಿಡಿಯಿರಿ. ಆಗ ತಕ್ಕಡಿ ತೋರಿಸುವ ಗ್ರಾಮೇ ಗಾಜಿನ ಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಬೇಕು. ಒಣ ತೂಕ 205 ಗ್ರಾಂ, ಮುಳುಗಿಸಿದಾಗ 82 ಬಂದರೆ 2.5. ಸೀಸವಿಲ್ಲದ ಸೋಡಾ ಅಥವಾ ಪೊಟ್ಯಾಷ್ ಗಾಜು ಈ ಆಸುಪಾಸಿನಲ್ಲೇ ಬರುತ್ತದೆ. 24 ಶೇಕಡಾ ಸೀಸದ ಆಕ್ಸೈಡ್ ಇರುವ ಕ್ರಿಸ್ಟಲ್ ಸುಮಾರು 2.9, ಇನ್ನೂ ಹೆಚ್ಚು ಸೀಸವಿದ್ದರೆ 3 ದಾಟುತ್ತದೆ. ಕಾಲಿನೊಳಗೆ ಮುಚ್ಚಿದ ಟೊಳ್ಳಿದ್ದರೆ ಲೆಕ್ಕ ಕೆಡುತ್ತದೆ, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಎನಾಮೆಲ್ ಏಳುತ್ತಿದ್ದರೆ ನೀರಿಗೆ ಇಳಿಸಲೇಬೇಡಿ. ಬೆರಳಿನಿಂದ ತಟ್ಟಿ ನಾದ ಕೇಳುವ ಪದ್ಧತಿಯನ್ನು ಬಿಟ್ಟುಬಿಡಿ, ಆಕಾರಕ್ಕೆ ತಕ್ಕಂತೆ ನಾದ ಬದಲಾಗುತ್ತದೆ, ಕಾಣದ ಬಿರುಕಿದ್ದರೆ ಗ್ಲಾಸೇ ಹೋಗುತ್ತದೆ.

ಈ ಆರರಲ್ಲಿ ಸೀಸ ಇರಲಿಲ್ಲ. ಅಂದರೆ ಇಂಗ್ಲೆಂಡಿನ ಸೀಸದ ಗಾಜಲ್ಲ, ಬೊಹೀಮಿಯಾ, ಬವೇರಿಯಾ ಅಥವಾ ಸೈಲೀಸಿಯಾದ (ಈಗ ಹೆಚ್ಚಿನ ಭಾಗ ಪೋಲೆಂಡಿನಲ್ಲಿದೆ) ಕಡೆಯದು ಎನ್ನಬಹುದು. ಅದಕ್ಕಿಂತ ಮುಂದೆ ಹೋಗುವುದು ಏಕೆ ಕಷ್ಟ ಎಂಬುದೇ ಈ ವಿಷಯದ ತಿರುಳು. ಹತ್ತೊಂಬತ್ತನೇ ಶತಮಾನದ ಬೊಹೀಮಿಯಾದಲ್ಲಿ ಗಾಜು ಊದುವವರು ಒಬ್ಬರು, ಅಲಂಕರಿಸುವವರು ಇನ್ನೊಬ್ಬರು ಆಗಿರುವುದು ಸಾಮಾನ್ಯವಾಗಿತ್ತು. ಸ್ಟೈನ್‌ಶೋನೌ, ಹೈಡಾ ಊರುಗಳ ಕಾರ್ಯಾಗಾರಗಳು ಬೇರೆ ಕುಲುಮೆಗಳಿಂದ ಖಾಲಿ ಗ್ಲಾಸು ತರಿಸಿ, ಕೊರೆದು, ಬಣ್ಣ ಬಂಗಾರ ಹಚ್ಚಿ ಮಾರುತ್ತಿದ್ದವು. ಲುಡ್ವಿಗ್ ಮೋಜರ್ ಕೂಡ 1857ರಲ್ಲಿ ಕಾರ್ಲ್ಸ್‌ಬಾಡ್‌ನಲ್ಲಿ ಶುರುಮಾಡಿದ್ದು ಕೆತ್ತನೆಯ ಕಾರ್ಯಾಗಾರ. ಸ್ವಂತ ಕುಲುಮೆ ಬಂದದ್ದು 1893ರಲ್ಲಿ. ಅಲ್ಲಿಯವರೆಗೆ ಆತ ಅಲಂಕರಿಸಿದ ಗಾಜು ಹಾರಾಖ್‌ನಂಥ ಬೇರೆಯವರ ಕುಲುಮೆಯದು. 'ಸುಮಾರು 1890ರ ಮೋಜರ್' ಎಂದರೆ ಗಾಜು ಯಾರದು, ಕುಂಚ ಯಾರದು ಎಂದು ಎರಡು ಪ್ರಶ್ನೆ ಕೇಳಲೇಬೇಕು. ಓಕ್ ಎಲೆ, ದ್ರಾಕ್ಷಿ ಬಳ್ಳಿಯ ಎನಾಮೆಲ್ ಕೆಲಸವನ್ನು ಬವೇರಿಯಾದ ಥೆರೇಸಿಯೆಂಥಾಲ್ ಮಾಡಿದೆ, ಸೈಲೀಸಿಯಾದ ಫ್ರಿಟ್ಸ್ ಹೆಕರ್ಟ್ ಮತ್ತು ಯೋಸೆಫೀನೆನ್‌ಹ್ಯುಟ್ಟೆ ಮಾಡಿವೆ. ಆ ಕಾಲದ ಹೆಚ್ಚಿನ ಮಾಲಿಗೆ ಸಹಿಯೇ ಇಲ್ಲ.

ಪಾದದಡಿ ಬಂಗಾರದಲ್ಲೋ ಎನಾಮೆಲ್‌ನಲ್ಲೋ ಕೈಯಲ್ಲಿ ಬರೆದ ಅಂಕಿ ಇದ್ದರೆ ಅದು ಸಹಿಗಿಂತ ಬೆಲೆಯುಳ್ಳ ಸುಳಿವು. ಅದು ವಿನ್ಯಾಸದ ಸಂಖ್ಯೆ ಆಗಿರಬಹುದು. ಆದರೆ 'ಅಂಕಿ ಇದೆ, ಆದ್ದರಿಂದ ಮೋಜರ್' ಎಂಬ ವಾದ ತಪ್ಪು, ಹಾರಾಖ್‌ನವರೂ ಬರೆಯುತ್ತಿದ್ದರು. ಆ ಸಂಖ್ಯೆ, ಆಕಾರ, ಅಲಂಕಾರ ಈ ಮೂರೂ ಒಂದೇ ದಾಖಲೆಯಲ್ಲಿ ಕೂಡಿಬರಬೇಕು. ಹೋಲಿಸಲು ಜರ್ಮನಿಯ ಪಾಸಾವ್‌ನ ಗಾಜಿನ ಮ್ಯೂಸಿಯಂ, ಚೆಕ್ ಗಣರಾಜ್ಯದ ನೋವಿ ಬೋರ್ ಮತ್ತು ಯಾಬ್ಲೊನೆಟ್ಸ್‌ನ ಮ್ಯೂಸಿಯಂಗಳ ಸಂಗ್ರಹ ಇವೆ. ಅಮೆರಿಕದ ಕಾರ್ನಿಂಗ್ ಮ್ಯೂಸಿಯಂನ ರಾಕೋ ಗ್ರಂಥಾಲಯದಲ್ಲಿ ಕಾರ್ಖಾನೆಗಳ ಹಳೆಯ ಮಾರಾಟ ಪುಸ್ತಕಗಳಿವೆ. ಇನ್ನೊಂದು ಹರಾಜಿನ ಫೋಟೋಗೆ ಹೋಲಿಸಿ ತೀರ್ಮಾನಕ್ಕೆ ಬರಬೇಡಿ. ಒಬ್ಬರು ತಪ್ಪು ಹೆಸರು ಹಾಕಿದ್ದನ್ನು ನೋಡಿಯೇ ಇನ್ನೊಬ್ಬರು ಹಾಕಿರುತ್ತಾರೆ.

ದಿನಾಂಕ ಹೊಂದದ ಹೆಸರುಗಳನ್ನು ನೆನಪಿಡಿ, ಇವು ಫೋಟೋದಲ್ಲೇ ಸಿಕ್ಕಿಬೀಳುತ್ತವೆ. 'ಚೆಕೊಸ್ಲೊವಾಕಿಯಾ' ಎಂಬ ದೇಶ ಹುಟ್ಟಿದ್ದು 1918ರಲ್ಲಿ, ಆ ಮುದ್ರೆಯ ಗ್ಲಾಸು 1890ರದ್ದಾಗದು. ಹಗಲಲ್ಲಿ ತಿಳಿ ನೇರಳೆ, ಟ್ಯೂಬ್‌ಲೈಟಿನಲ್ಲಿ ನೀಲಿಯಾಗುವ ಮೋಜರ್ ಅಲೆಕ್ಸಾಂಡ್ರಿಟ್ ಗಾಜಿನಲ್ಲಿರುವುದು ನಿಯೋಡಿಮಿಯಂ, ಅದು 1920ರ ದಶಕದ ಕೊನೆಯಲ್ಲಿ ಬಂದದ್ದು. ಇದಕ್ಕೆ ಉಲ್ಟಾ ಆಟವೂ ಉಂಟು. ಫ್ರಾನ್ಸಿನ ಬ್ಯಾಕರಾ ಗಾಜಿನ ಕಾರ್ಖಾನೆ ಎಲ್ಲ ಮಾಲಿಗೂ ಆಸಿಡ್ ಮುದ್ರೆ ಒತ್ತತೊಡಗಿದ್ದು 1936ರಲ್ಲಿ. ಆದ್ದರಿಂದ 'ಮುದ್ರೆ ಇಲ್ಲ, ಹಾಗಾಗಿ 1936ಕ್ಕೂ ಹಿಂದಿನ ಬ್ಯಾಕರಾ' ಎಂದು ಮಾರುತ್ತಾರೆ. ಮುದ್ರೆ ಇಲ್ಲದ ಗ್ಲಾಸು ಯುರೋಪಿನ ಯಾವ ಮೂಲೆಯದೂ ಆಗಬಹುದು.

ಇಂಗ್ಲೆಂಡಿನ ಹದಿನೆಂಟನೇ ಶತಮಾನದ ಗ್ಲಾಸುಗಳಲ್ಲೂ ಇದೇ ತಂತ್ರ ನಡೆಯುತ್ತದೆ. ಅಲ್ಲಿ ಸಹಿಯ ಬದಲು ಕೆತ್ತನೆ. ಸಾದಾ ಹಳೆಯ ಗ್ಲಾಸಿನ ಮೇಲೆ ಆಮೇಲೆ ಗುಲಾಬಿ, ಮೊಗ್ಗು ಕೊರೆದು ಜಾಕೊಬೈಟ್ ಗ್ಲಾಸು (ಪದಚ್ಯುತ ಸ್ಟುವರ್ಟ್ ರಾಜವಂಶದ ಬೆಂಬಲಿಗರ ಗುರುತಿರುವ ಗ್ಲಾಸು) ಎಂದು ಮಾರಿದ್ದಾರೆ. ಗಾಜು ಅಸಲಿ, ಗುಲಾಬಿ ನಕಲಿ. ಕೆತ್ತನೆಯ ತಗ್ಗು ಪುಡಿ ಉದುರಿದಂತೆ ಬೆಳ್ಳಗಿದ್ದರೆ, ಅಕ್ಕಪಕ್ಕದ ಗೀರುಗಳು ಅದರ ಅಂಚನ್ನು ಎಲ್ಲೂ ತಾಗದಿದ್ದರೆ, ಹಿಂದೆ ಸರಿಯಿರಿ.

ಕೊಳ್ಳುವ ಮುಂಚೆ ಮಾರುವವರಿಂದ ಇಷ್ಟನ್ನು ಬರಹದಲ್ಲಿ ಕೇಳಿ: ಪ್ರತಿ ಗ್ಲಾಸಿನ ಎತ್ತರ ಮತ್ತು ಬಾಯಿಯ ವ್ಯಾಸ, ಓರೆ ಬೆಳಕಿನಲ್ಲಿ ಪ್ರತಿ ಪಾದದ ಫೋಟೋ, ಯುವಿ ಬೆಳಕಿನಲ್ಲಿ ಎಲ್ಲವನ್ನೂ ಒಟ್ಟಿಗೆ ಇಟ್ಟ ಒಂದು ಫೋಟೋ, ರಸೀದಿಯಲ್ಲಿ ಏನು ಬರೆಯುತ್ತಾರೆ ಎಂಬುದು. 'ಶೈಲಿ', 'ಎನ್ನಲಾದ', 'ಬಹುಶಃ' ಎಂಬ ಪದ ಕಂಡರೆ ಹೆಸರಿಲ್ಲದ ಗ್ಲಾಸಿನ ಬೆಲೆಯಷ್ಟೇ ಕೊಡಿ. ಹೆಸರಿಲ್ಲದಿದ್ದರೂ ಒಳ್ಳೆಯ ಎನಾಮೆಲ್ ಕೆಲಸದ ಬೊಹೀಮಿಯನ್ ಗ್ಲಾಸು ನೋಡಲು ಅಷ್ಟೇ ಚೆಂದ.

ಈಗಾಗಲೇ ಕೊಂಡಿದ್ದೀರಾ? ಸುಳ್ಳು ಸಹಿಯನ್ನು ಉಜ್ಜಿ ತೆಗೆಸಬೇಡಿ, ಸುತ್ತಲಿನ ಹಳೆಯ ಸವೆತವೂ ಅದರ ಜೊತೆ ಹೋಗುತ್ತದೆ, ನಿಮ್ಮ ಕೈಯಲ್ಲಿದ್ದ ಸಾಕ್ಷಿಯೂ ಹೋಗುತ್ತದೆ. ಹರಾಜಿನ ಪುಟ ತೆಗೆದುಹಾಕುವ ಮೊದಲು ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ವಾಪಸ್ ಅವಧಿ ಮುಗಿಯುವುದರೊಳಗೆ ಅಕ್ಷರ ಗೀರನ್ನು ದಾಟುವ ಜಾಗದ ಫೋಟೋ ಸಮೇತ ದೂರು ಕೊಡಿ. ಮುಂದೆ ಮಾರುವುದಾದರೆ 'ಬೊಹೀಮಿಯಾ, ಬವೇರಿಯಾ ಅಥವಾ ಸೈಲೀಸಿಯಾ, ಹತ್ತೊಂಬತ್ತನೇ ಶತಮಾನದ ಕೊನೆ, ತಯಾರಕರು ಗೊತ್ತಿಲ್ಲ, ಸಹಿ ಆಮೇಲೆ ಹಾಕಿದ್ದು' ಎಂದು ಬರೆದೇ ಮಾರಿ.