ಹೈಲ್ಯಾಂಡ್ ಡ್ಯಾನ್ಸ್ ಸ್ಪರ್ಧೆಗೆ ಮಕ್ಕಳ ಹೆಸರು ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಸ್ಕಾಟ್ಲೆಂಡಿನಲ್ಲಿರುವ ನಮ್ಮ ಕನ್ನಡದ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ನಿಮ್ಮ ಮಕ್ಕಳು ಹೈಲ್ಯಾಂಡ್ ಡ್ಯಾನ್ಸ್ (ಬ್ಯಾಗ್‌ಪೈಪ್ ವಾದ್ಯಕ್ಕೆ ಕುಣಿಯುವ ಇಲ್ಲಿನ ಸಾಂಪ್ರದಾಯಿಕ ಕುಣಿತ) ಕಲಿಯುತ್ತಿದ್ದರೆ, ಬೇಸಿಗೆಯಲ್ಲಿ ಊರೂರಲ್ಲೂ ನಡೆಯುವ, ಆಟ-ಸಂಗೀತ-ಕುಣಿತಗಳ ಜಾತ್ರೆಯಂಥ ಹೈಲ್ಯಾಂಡ್ ಗೇಮ್ಸ್‌ನ ಪೋಸ್ಟರ್ ನೋಡಿ ಸುಮ್ನೆ ಹೆಸರು ಕೊಟ್ಟುಬಿಡಬೇಡಿ. "ಎಲ್ಲರಿಗೂ ಮುಕ್ತ" ಎಂದು ಬರೆದಿದ್ದರಂತೂ ಇನ್ನೂ ಹುಷಾರಾಗಿರಿ. ಕಳೆದ ಬೇಸಿಗೆಯಲ್ಲಿ ನಮಗೆ ಏನಾಯಿತು ಅಂತ ಹೇಳುತ್ತೇನೆ.

ಮಗಳಿಗೆ ಒಂಬತ್ತು ವರ್ಷ. ಬಿಗಿನರ್ ದರ್ಜೆಯಲ್ಲಿದ್ದಾಳೆ. ಹೈಲ್ಯಾಂಡ್ ಫ್ಲಿಂಗ್ (ನಿಂತಲ್ಲೇ ಕುಣಿಯುವುದು) ಮತ್ತು ಸ್ವೋರ್ಡ್ ಡ್ಯಾನ್ಸ್ (ನೆಲದ ಮೇಲೆ ಅಡ್ಡಡ್ಡ ಇಟ್ಟ ಎರಡು ಕತ್ತಿಗಳ ಸುತ್ತ, ನಡುವೆ ಕುಣಿಯುವುದು) ಚೆನ್ನಾಗಿ ಬರುತ್ತವೆ, ಉಳಿದವು ಇನ್ನೂ ಕಲಿಕೆಯಲ್ಲಿವೆ. ನಾವಿರುವುದು ಎಡಿನ್‌ಬರೋದಲ್ಲಿ. ಗೇಮ್ಸ್ ಇದ್ದದ್ದು ಉತ್ತರಕ್ಕೆ ಕಾರಿನಲ್ಲಿ ಸುಮಾರು ದೂರ ಹೋಗಬೇಕಾದ ಒಂದು ಚಿಕ್ಕ ಊರಿನಲ್ಲಿ. ಊರಿನ ಹೆಸರು ಬೇಡ. ಬಿಗಿನರ್ ಮಕ್ಕಳಿಗೆ ಬೇರೆ ವಿಭಾಗ ಇದೆಯಾ ಎಂದು ಆಯೋಜಕರಿಗೆ ಮೊದಲೇ ಈಮೇಲ್ ಮಾಡಿ ಕೇಳಿದ್ದೆ. "ಯಾವ ಮಟ್ಟದವರಾದರೂ ಬನ್ನಿ" ಎಂದು ಉತ್ತರ ಬಂತು. ಫೀಸು ಕಟ್ಟಿದೆವು.

ಅಲ್ಲಿ ಹೋಗಿ ನೋಡಿದರೆ ಬಿಗಿನರ್ ಅನ್ನುವ ವಿಭಾಗವೇ ಇಲ್ಲ! ಬರೀ ವಯಸ್ಸಿನ ಮೇಲೆ ಗುಂಪು ಮಾಡಿದ್ದರು. ಹನ್ನೆರಡರೊಳಗಿನವರೆಲ್ಲ ಒಟ್ಟಿಗೆ.

ಹೊಸಬರಿಗೆ ಇಲ್ಲಿ ಸ್ವಲ್ಪ ವಿವರ ಬೇಕು. ಈ ಕುಣಿತದಲ್ಲಿ ವಯಸ್ಸಿಗಿಂತ ದರ್ಜೆ ಮುಖ್ಯ. ಏಳು ವರ್ಷದೊಳಗಿನ ಪುಟಾಣಿಗಳಿಗೆ ಪ್ರೈಮರಿ. ಆಮೇಲೆ ಬಿಗಿನರ್, ನೋವಿಸ್, ಇಂಟರ್‌ಮೀಡಿಯೆಟ್, ಕೊನೆಗೆ ಪ್ರೀಮಿಯರ್. ಬಿಗಿನರ್, ನೋವಿಸ್ ದರ್ಜೆಗಳಲ್ಲಿ ಬಹುಮಾನ ಬಂದಂತೆಲ್ಲ ಮಗುವಿನ ನೋಂದಣಿ ಕಾರ್ಡಿಗೆ ಸ್ಟ್ಯಾಂಪ್ ಬೀಳುತ್ತೆ. ಅದು ತುಂಬಿದ ಮೇಲೆ ಮುಂದಿನ ದರ್ಜೆಗೆ ಹೋಗಲೇಬೇಕು. ಹೀಗಾಗಿ ಸರಿಯಾದ ಸ್ಪರ್ಧೆಯಲ್ಲಿ ಕಲಿಯುತ್ತಿರುವ ಮಗು ತನ್ನಂಥವರ ಜೊತೆಯೇ ಕುಣಿಯುತ್ತೆ. ಇಲ್ಲಿ ಹಾಗಾಗಲಿಲ್ಲ. ಮಗಳ ಅಕ್ಕಪಕ್ಕ ನಿಂತ ಇಬ್ಬರು ಹುಡುಗಿಯರೂ ಪ್ರೀಮಿಯರ್‌ನವರು. ಪಾಪ, ಅವರದೇನೂ ತಪ್ಪಿಲ್ಲ. ಅವರೂ ಫಾರ್ಮ್ ತುಂಬಿ ಬಂದವರೇ.

ಫ್ಲಿಂಗ್ ಶುರುವಾಯಿತು. ನಮ್ಮವಳು ಕಲಿತಿರುವುದು ನಾಲ್ಕು ಸ್ಟೆಪ್ (ಸ್ಟೆಪ್ ಎಂದರೆ ಕುಣಿತದ ಒಂದೊಂದು ಭಾಗ). ಅಲ್ಲಿ ಕುಣಿಸಿದ್ದು ಆರು. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ನಾಲ್ಕನೆಯದು ಮುಗಿಸಿ, ಕೈ ಸೊಂಟಕ್ಕಿಟ್ಟು, ಕಲಿಸಿದ ಹಾಗೆ ಬಗ್ಗಿ ನಮಸ್ಕಾರ ಮಾಡಿದಳು. ಬ್ಯಾಗ್‌ಪೈಪ್ ನುಡಿಸುವ ಪೈಪರ್ ನಿಲ್ಲಿಸಲಿಲ್ಲ. ಪಕ್ಕದ ಇಬ್ಬರೂ ಕುಣಿಯುತ್ತಲೇ ಇದ್ದಾರೆ. ಇವಳು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ನೋಡಿ ಮತ್ತೆ ಕೈ ಎತ್ತಿದಳು. ಏನು ಮಾಡಬೇಕೆಂದು ತಿಳಿಯದೆ ಕೈ ಕೆಳಗಿಳಿಸಿದಳು. ಉಳಿದ ಎರಡು ಸ್ಟೆಪ್ ಮುಗಿಯುವ ತನಕ ವೇದಿಕೆಯ ಮೇಲೆ ಹಾಗೇ ನಿಂತಿದ್ದಳು.

ಮಧ್ಯಾಹ್ನ ಸ್ವೋರ್ಡ್ ಡ್ಯಾನ್ಸ್. ಅಷ್ಟೊತ್ತಿಗೆ ಮಳೆ. ಸ್ಕಾಟ್ಲೆಂಡಲ್ಲಿ ಮಳೆ ಬಂತು ಅಂತ ದೂರಿದರೆ ನಗ್ತಾರೆ, ಅಲ್ವಾ. ನನ್ನ ತಕರಾರು ಮಳೆಯದ್ದಲ್ಲ. ಹುಲ್ಲಿನ ಮೇಲೆ ಹಾಕಿದ ಮರದ ಹಲಗೆಯ ವೇದಿಕೆ, ಮೇಲೆ ಸೂರಿಲ್ಲ. ತೀರ್ಪುಗಾರರಿಗೆ ಟೆಂಟ್ ಇತ್ತು, ಮಕ್ಕಳಿಗೆ ಇರಲಿಲ್ಲ. ಒಂದು ಗುಂಪು ಇಳಿದು ಇನ್ನೊಂದು ಹತ್ತುವ ಮಧ್ಯೆ ನೀರು ಒರೆಸುವವರೂ ಇಲ್ಲ. ಈ ಕುಣಿತಕ್ಕೆ ಹಾಕುವ ಗಿಲೀಸ್ ಮೆತ್ತನೆಯ ತೊಗಲಿನ ಶೂ, ನೆಂದರೆ ಜಾರುತ್ತೆ. ಕತ್ತಿಗೆ ಕಾಲು ತಗುಲಿದರೆ ಅಂಕ ಹೋಗುತ್ತೆ. ಕತ್ತಿ ಜಾಗ ಬಿಟ್ಟು ಸರಿದರೆ ಸ್ಪರ್ಧೆಯಿಂದಲೇ ಔಟ್. ಇವಳ ಕಾಲು ಜಾರಿತು, ಕತ್ತಿ ಸರಿಯಿತು. ನಿಯಮ ನಿಯಮವೇ, ಅದನ್ನು ಒಪ್ಪುತ್ತೇನೆ. ಆದರೆ ಒಂದು ಟವೆಲ್ ಇಟ್ಟುಕೊಂಡು ಒಬ್ಬರು ನಿಂತಿದ್ದರೆ ಸಾಕಿತ್ತು. ಊರಿಂದ ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದ ನಮ್ಮತ್ತೆ, "ಆ ಮಗೂನ ಮಳೇಲಿ ಯಾಕಮ್ಮ ಕುಣಿಸ್ತಾ ಇದ್ದೀರಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ವಿಭಾಗವೇ ಇಲ್ಲದ ಮೇಲೆ ಫೀಸು ವಾಪಸ್ ಕೊಡಿ ಎಂದು ಕೇಳಿದೆ. ಕೊಡಲಿಲ್ಲ. ಈಮೇಲ್ ತೋರಿಸಿದರೆ, ಅದನ್ನು ಬರೆದವರು ಈ ದಿನ ಬಂದಿಲ್ಲ ಅಂದರು.

ಸೋಮವಾರ ಟೀಚರ್‌ಗೆ ಹೇಳಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಎಲ್ಲ ಗೇಮ್ಸೂ ಒಂದೇ ನಿಯಮದಲ್ಲಿ ನಡೆಯುವುದಿಲ್ಲ. ದೊಡ್ಡ ಸಂಸ್ಥೆ ಎಂದರೆ ರಾಯಲ್ ಸ್ಕಾಟಿಷ್ ಅಫಿಷಿಯಲ್ ಬೋರ್ಡ್ ಆಫ್ ಹೈಲ್ಯಾಂಡ್ ಡ್ಯಾನ್ಸಿಂಗ್, 1950ರಲ್ಲಿ ಶುರುವಾದದ್ದು. ನಮ್ಮ ಮಗಳ ಕಾರ್ಡ್ ಅವರದ್ದೇ. ನಾವು ಹೋದದ್ದು ಆ ಬೋರ್ಡಿನ ಅಡಿಯಲ್ಲಿ ನಡೆದ ಸ್ಪರ್ಧೆ ಅಲ್ಲ. ಅಂದರೆ ಬಹುಮಾನ ಬಂದಿದ್ದರೂ ಸ್ಟ್ಯಾಂಪ್ ಸಿಗುತ್ತಿರಲಿಲ್ಲ. ಬೇರೆ ಸಂಸ್ಥೆಗಳ ನಿಯಮದಲ್ಲಿ ನಡೆಯುವ ಸ್ಪರ್ಧೆ ಕೆಟ್ಟದ್ದು ಅಂತಲ್ಲ, ಅದನ್ನೇ ಕಲಿತ ಮಕ್ಕಳಿಗೆ ಅದು ಸರಿ. ಆದರೆ ನಿಮ್ಮ ಮಗುವಿನ ಕಾರ್ಡ್ ಯಾವ ಸಂಸ್ಥೆಯದ್ದೋ ಅದರ ಅಡಿಯಲ್ಲಿ ನಡೆಯುತ್ತದೆಯೇ ಎಂದು ಟೀಚರನ್ನು ಕೇಳದೆ ದುಡ್ಡು ಕಟ್ಟಬೇಡಿ. ಕೆನಡಾ, ಅಮೆರಿಕದಲ್ಲಿ ಇರುವವರೂ ಇದನ್ನು ನೋಡಿಕೊಳ್ಳಿ.

ಇನ್ನೊಂದು ಗೋಜಲಿದೆ. ಕೆಲವು ಗೇಮ್ಸ್‌ನಲ್ಲಿ ಒಂದಷ್ಟು ಸ್ಪರ್ಧೆ ಆ ಊರಿನ, ಸುತ್ತಮುತ್ತಲಿನ ಮಕ್ಕಳಿಗೆ ಮಾತ್ರ. ಪೋಸ್ಟರಲ್ಲಿ ಅದು ಕಾಣುವುದಿಲ್ಲ, ಫಾರ್ಮಿನ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತೆ. ಡನೂನ್‌ನಲ್ಲಿ ಆಗಸ್ಟ್ ಕೊನೆಗೆ ನಡೆಯುವ ಕೋವಲ್ ಗ್ಯಾದರಿಂಗ್ ಎಂಬ ದೊಡ್ಡ ಗೇಮ್ಸ್ ನೋಡಿ ಮಕ್ಕಳು ಆಸೆಪಡುತ್ತಾರೆ. ಅಲ್ಲಿನ ವಿಶ್ವ ಚಾಂಪಿಯನ್‌ಷಿಪ್ ಪ್ರೀಮಿಯರ್‌ನವರ ಮಾತು. ಹೋಗಿ ಕೂತು ನೋಡುವುದಕ್ಕೆ ಮಾತ್ರ ಅದಕ್ಕಿಂತ ಚೆನ್ನಾದ್ದು ಇನ್ನೊಂದಿಲ್ಲ.

ಈಗ ನಾನು ಹೆಸರು ಕೊಡುವ ಮುಂಚೆ, ಸ್ಪರ್ಧೆಯ ದಿನದ ಪೂರ್ತಿ ಪಟ್ಟಿ ಕಳಿಸಿ ಎಂದು ಆಯೋಜಕರನ್ನು ಕೇಳುತ್ತೇನೆ. ನಮ್ಮ ದರ್ಜೆಗೆ ಯಾವ ಕುಣಿತ, ಎಷ್ಟು ಸ್ಟೆಪ್, ಮಕ್ಕಳು ಕಡಿಮೆ ಬಂದರೆ ಯಾರ ಜೊತೆ ಸೇರಿಸುತ್ತೀರಿ, ಮಳೆ ಬಂದರೆ ಎಲ್ಲಿ ಕುಣಿಸುತ್ತೀರಿ, ಎಲ್ಲವೂ ಅದರಲ್ಲಿ ಇರಬೇಕು. ಪಟ್ಟಿ ಕಳಿಸಲು ಹಿಂದೆಮುಂದೆ ನೋಡಿದರೆ ನಾವು ಹೋಗುವುದಿಲ್ಲ.

ಬೇಸಿಗೆ ಮುಗಿದ ಮೇಲೆ ಟೌನ್ ಹಾಲ್‌ಗಳಲ್ಲಿ ಒಳಾಂಗಣ ಸ್ಪರ್ಧೆಗಳು ಶುರುವಾಗುತ್ತವೆ. ನೆಲ ಒಣಗಿರುತ್ತೆ, ಮಗುವಿಗೆ ಚಳಿಯೂ ಇಲ್ಲ. ಮೊದಲ ಸ್ಪರ್ಧೆಗೆ ಅವೇ ವಾಸಿ. ಹೆಸರು ಕೊಡಲು ಕೊನೆಯ ದಿನಾಂಕ ಸ್ಪರ್ಧೆಗಿಂತ ಬಹಳ ಮುಂಚೆಯೇ ಇರುತ್ತೆ, ಟೀಚರನ್ನು ಈಗಲೇ ಕೇಳಿಕೊಳ್ಳಿ.