ಕುದುರೆ ಮೈಮೇಲೆ ಗಂಟು ಕಂಡಿದೆಯೇ? ಬ್ಲೇಡು ತಾಗಿಸುವ ಮುಂಚೆ ಇದನ್ನು ಓದಿ

ಕುದುರೆ ಸಾಕುವವರಿಗೆಲ್ಲ ಒಂದು ಮಾತು. ಮೈಮೇಲೆ ಗಂಟು ಕಂಡರೆ, ಅದು ಏನು ಅಂತ ಗೊತ್ತಾಗುವ ತನಕ ಕೊಯ್ಯಲು, ದಾರ ಕಟ್ಟಲು, ಸುಡಲು, ಹಿಸುಕಲು ಯಾರಿಗೂ ಬಿಡಬೇಡಿ. ನನ್ನ ಕುದುರೆಗೆ ಬಟಾಣಿ ಗಾತ್ರದ ಒಂದು ಗಂಟಿತ್ತು. ಯಾರೋ ಕೈಯಾಡಿಸಿದ್ದಕ್ಕೆ ಅದು ಅಂಗೈ ಅಗಲದ ಹುಣ್ಣಾಯಿತು.

ಕಂದು ಬಣ್ಣದ ಗಂಡು ಕುದುರೆ, ಆಗ 6 ವರ್ಷ. ಹಿಂಗಾಲಿನ ಒಳತೊಡೆಯಲ್ಲಿ ಗಟ್ಟಿಯಾದ ಗಂಟು, ಬೆರಳಿಟ್ಟರೆ ಚರ್ಮದ ಕೆಳಗೆ ಜಾರುತ್ತಿತ್ತು. ನೋವಿಲ್ಲ, ತುರಿಕೆಯಿಲ್ಲ. ಲಾಯ ನೋಡಿಕೊಳ್ಳುತ್ತಿದ್ದವರು ಮೊದಲು ಉಣ್ಣೆ ಕಚ್ಚಿದ್ದು ಅಂದರು, ಆಮೇಲೆ ಅಲರ್ಜಿ ಅಂದರು. ನಾನು ಪಶುವೈದ್ಯರಿಗೆ ಹೇಳಿ, ಅವರು ಬರುವ ದಿನವನ್ನೂ ಲಾಯದವರಿಗೆ ತಿಳಿಸಿದ್ದೆ. ಆ ದಿನ ಬರುವುದರೊಳಗೆ, ಕುದುರೆ ರೋಗವೆಲ್ಲ ಗೊತ್ತು ಅಂತ ಲಾಯದಿಂದ ಲಾಯಕ್ಕೆ ಸುತ್ತುವ ಒಬ್ಬ ಬಂದು, 'ಇದು ನರಹುಲಿ' ಅಂತ ಹೇಳಿ ಬ್ಲೇಡಿನಿಂದ ಕೊಯ್ದು, ಏನೋ ಸುಡುವ ಮುಲಾಮು ಮೆತ್ತಿ ಹೋಗಿದ್ದ. ನನಗೆ ಒಂದು ಫೋನೂ ಇಲ್ಲ. ಕೇಳಿದರೆ, 'ನಿಮ್ಮ ಖರ್ಚು ಉಳಿಯಿತಲ್ಲ' ಅಂದರು! ಕೊಯ್ದ ತುಂಡನ್ನು ಕಸಕ್ಕೆ ಎಸೆದಿದ್ದರು. ಅದನ್ನು ಲ್ಯಾಬಿಗೆ ಕಳಿಸಿದ್ದರೆ ಕೆಲವೇ ದಿನಗಳಲ್ಲಿ ರೋಗದ ಹೆಸರು ಗೊತ್ತಾಗುತ್ತಿತ್ತು.

ಗಾಯ ಮೊದಲು ಮುಚ್ಚುವ ಹಾಗೆ ಕಂಡಿತು. ಆಮೇಲೆ ಒಳಗಿನಿಂದ ಕೆಂಪು ಮಾಂಸ ಉಬ್ಬಿ ಬಂತು. ಬಾಲ ತಗುಲಿದರೂ ರಕ್ತ. ನೊಣ ಬಿಡುತ್ತಲೇ ಇರಲಿಲ್ಲ. 'ಕಾಲಿನ ಗಾಯದಲ್ಲಿ ಮಾಂಸ ಹೀಗೇ ಕೊಬ್ಬುತ್ತೆ' ಅಂತ ಲಾಯದವರು ಮೈಲುತುತ್ತ ಹಚ್ಚಿದರು. ಕುದುರೆ ಒದ್ದಾಡಿತು, ಮಾಂಸ ಇನ್ನೂ ಜಾಸ್ತಿ ಉಬ್ಬಿತು.

ಪಶುವೈದ್ಯರು ನೋಡಿದ ಕೂಡಲೇ ಅವರ ಮುಖ ಗಂಭೀರವಾಯಿತು. ಅವರಿಗೆ ಅನುಮಾನ ಬಂದದ್ದು ಸಾರ್ಕಾಯ್ಡ್ ಮೇಲೆ. ಪರೀಕ್ಷೆಯಲ್ಲಿ ಅದೇ ಅಂತ ಗೊತ್ತಾಯಿತು. ಕುದುರೆಗಳ ಚರ್ಮದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಗೆಡ್ಡೆ ಇದೇ. ಕತ್ತೆಗೂ ಹೇಸರಗತ್ತೆಗೂ ಬರುತ್ತದೆ. ಇದರ ಹಿಂದಿರುವುದು ದನಗಳಲ್ಲಿ ನರಹುಲಿ ತರುವ ಪ್ಯಾಪಿಲೋಮಾ ವೈರಸ್. ದನದಲ್ಲಿ ಆ ನರಹುಲಿ ಸಾಮಾನ್ಯವಾಗಿ ತಾನಾಗೇ ಉದುರಿಹೋಗುತ್ತದೆ, ಕುದುರೆಯಲ್ಲಿ ಮಾತ್ರ ಬೇರೂರಿ ಕೂರುತ್ತದೆ. ಒಳಗಿನ ಅಂಗಗಳಿಗೆ ಹರಡುವುದಿಲ್ಲ ಅನ್ನುವುದೊಂದೇ ಸಮಾಧಾನ. ಆದರೆ ಅರ್ಧಂಬರ್ಧ ಕೊಯ್ದರೆ, ಕೆರಳಿಸಿದರೆ, ಮೊದಲಿಗಿಂತ ಜೋರಾಗಿ ಬೆಳೆದು ಬರುತ್ತದೆ. ಸುಮ್ನೆ ಕೂತಿದ್ದ ಗಂಟು ರಕ್ತ ಸುರಿಸುವ ಹುಣ್ಣಾಗುವುದು ಹೀಗೆ. ಅದಕ್ಕೇ ಅನುಭವಸ್ಥ ವೈದ್ಯರು ಪರೀಕ್ಷೆಗೆ ಒಂದು ಚೂರು ತೆಗೆಯಲೂ ಯೋಚಿಸುತ್ತಾರೆ. ತೆಗೆದರೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸೇರಿಸಿ ಪೂರ್ತಿ ತೆಗೆಯಬೇಕು, ಇಲ್ಲವೇ ಮುಂದಿನ ಚಿಕಿತ್ಸೆ ಸಿದ್ಧವಿರಬೇಕು. ಇಷ್ಟು ಗೊತ್ತಿಲ್ಲದವನ ಕೈಗೆ ಬ್ಲೇಡು ಕೊಟ್ಟರೆ ಏನಾಗುತ್ತದೆ ಹೇಳಿ?

ಸಣ್ಣದಿದ್ದಾಗ ಬಹುಶಃ ಒಂದೇ ಸಲಕ್ಕೆ ಮುಗಿಯುತ್ತಿದ್ದ ಕೆಲಸ. ಈಗ ಲೇಸರ್ ಶಸ್ತ್ರಚಿಕಿತ್ಸೆ, ಅದರ ಮೇಲೆ ಸಿಸ್‌ಪ್ಲಾಟಿನ್ ಚುಚ್ಚುಮದ್ದು ಬೇಕಾಯಿತು. ಅದು ಕ್ಯಾನ್ಸರ್ ಔಷಧಿ, ಕೈಗವಸಿಲ್ಲದೆ ಆ ಜಾಗ ಮುಟ್ಟುವಂತಿರಲಿಲ್ಲ. ಇವತ್ತಿಗೂ ಅದು ಮರಳಿ ಬರುತ್ತದೋ ಅಂತ ತಡವಿ ನೋಡುತ್ತಿರಬೇಕು.

ಎಲ್ಲ ಗಂಟೂ ಸಾರ್ಕಾಯ್ಡ್ ಅಲ್ಲ, ಹೆದರಬೇಡಿ. ಇದ್ದಕ್ಕಿದ್ದಂತೆ ಮೈತುಂಬ ಎದ್ದು, ಒತ್ತಿದರೆ ಗುಳಿ ಬಿದ್ದು, ಒಂದೆರಡು ದಿನದಲ್ಲಿ ಇಳಿದುಹೋಗುವುದು ಸಾಮಾನ್ಯವಾಗಿ ಅಲರ್ಜಿ ದದ್ದು. ಎಳೆ ಕುದುರೆಯ ಮೂತಿಯ ಮೇಲೆ ಗುಂಪಾಗಿ ಬರುವ ನರಹುಲಿ ಕೆಲವು ತಿಂಗಳಲ್ಲಿ ತಾನೇ ಹೋಗುತ್ತದೆ. ಜೀನು ಕೂರುವ ಬೆನ್ನಿನ ಜಾಗದಲ್ಲಿ ನೋವಿಲ್ಲದ ಗಟ್ಟಿ ಗಂಟುಗಳೂ ಬರುತ್ತವೆ, ಅವು ಗೆಡ್ಡೆಯಲ್ಲ. ಬೂದು ಬಣ್ಣದ ಕುದುರೆಗಳ ಕಥೆ ಬೇರೆ. 15 ವರ್ಷ ದಾಟಿದವುಗಳಲ್ಲಿ ಹೆಚ್ಚಿನವಕ್ಕೆ ಬಾಲದ ಬುಡದಲ್ಲೋ ಗುದದ ಸುತ್ತಲೋ ಕಪ್ಪು ಗಂಟು, ಅಂದರೆ ಮೆಲನೋಮಾ ಬರುತ್ತದೆ. ನಿಧಾನವಾಗಿ ಬೆಳೆಯುತ್ತದೆ ಅಂತ ಬಿಟ್ಟುಬಿಡುವವರೇ ಜಾಸ್ತಿ, ಆದರೆ ಕೆಲವು ಒಳಗೂ ಹರಡುತ್ತವೆ. ಬೇಸಿಗೆಯಲ್ಲಿ ವಾಸಿಯಾಗದ ಹುಣ್ಣು ಕಂಡರೆ, ಹೊಟ್ಟೆಹುಳುವಿನ ಮರಿಗಳನ್ನು ನೊಣ ಗಾಯಕ್ಕೆ ತಂದು ಹಾಕಿರಬಹುದು. ಅದಕ್ಕೆ ಹುಳದ ಔಷಧಿ ಬೇಕು.

ಒಂದಕ್ಕೆ ಮಾತ್ರ ನಿಜವಾಗಿ ಹೆದರಬೇಕು. ಕಾಲಿನುದ್ದಕ್ಕೂ ಸಾಲಾಗಿ ಗಂಟುಗಳು ಎದ್ದು, ಒಡೆದು, ಜೇನಿನಂಥ ಕೀವು ಸುರಿದರೆ ಗ್ಲ್ಯಾಂಡರ್ಸ್ ಇರಬಹುದು. ಅದು ಮನುಷ್ಯರಿಗೂ ಅಂಟುತ್ತದೆ, ಪ್ರಾಣವನ್ನೂ ತೆಗೆಯುತ್ತದೆ. ಬಹಳಷ್ಟು ದೇಶಗಳಲ್ಲಿ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ಕುದುರೆಯನ್ನು ಬೇರೆ ಕಟ್ಟಿ, ಬರಿಗೈಯಲ್ಲಿ ಮುಟ್ಟದೆ, ಕೂಡಲೇ ವೈದ್ಯರಿಗೆ ಹೇಳಿ.

ವೈದ್ಯರು ಬರುವ ತನಕ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಗಂಟಿನ ಫೋಟೋ ತೆಗೆಯಿರಿ. ಎಲ್ಲಿದೆ, ಯಾವಾಗ ಕಂಡಿತು ಬರೆದಿಡಿ. ಅದರ ಮೇಲೆ ಜೀನಾಗಲಿ ಪಟ್ಟಿಯಾಗಲಿ ಉಜ್ಜಬಾರದು. ಆ ಕುದುರೆಯ ಬ್ರಷ್ಷು ಬೇರೆ ಇರಲಿ, ಹುಳುಕಡ್ಡಿಯಾಗಿದ್ದರೆ ಉಳಿದ ಕುದುರೆಗಳಿಗೂ ನಿಮಗೂ ಹತ್ತುತ್ತದೆ. 'ಅಲರ್ಜಿಗೆ ಒಂದು ಸ್ಟೆರಾಯ್ಡ್ ಚುಚ್ಚಿಬಿಡೋಣ' ಅಂದವರಿಗೂ ಬೇಡ ಅನ್ನಿ. ಹುಳುಕಡ್ಡಿಯಿದ್ದರೆ ಅದರಿಂದ ಹೆಚ್ಚಾಗುತ್ತದೆ, ಕೆಲವು ಕುದುರೆಗಳಿಗೆ ಗೊರಸಿನ ಉರಿಯೂತವೂ ಬರಬಹುದು.

ಲಾಯದಲ್ಲಿ ಬಿಟ್ಟಿದ್ದರೆ ಬರವಣಿಗೆಯಲ್ಲೇ ಕೊಡಿ: ನನ್ನ ಅನುಮತಿಯಿಲ್ಲದೆ ನನ್ನ ಕುದುರೆಗೆ ಯಾರೂ ಬ್ಲೇಡು, ಮುಲಾಮು, ಸೂಜಿ ತಾಗಿಸಬಾರದು, ಅವಸರವಿದ್ದರೆ ಈ ವೈದ್ಯರಿಗೇ ಫೋನ್ ಮಾಡಬೇಕು ಅಂತ. ಅವರ ಸಹಿಯನ್ನೂ ಹಾಕಿಸಿಕೊಳ್ಳಿ. ನನ್ನ ಕುದುರೆಯನ್ನು ಕೊಯ್ದವನು ಈಗಲೂ ಲಾಯಗಳನ್ನು ಸುತ್ತುತ್ತಿದ್ದಾನೆ ಅಂತ ಕೇಳಿದ್ದೇನೆ.